ಚಕ್ರದೊಳಗಿನ ಎಂಜಿನ್: ನನ್ನ ಸೈಕ್ಲ್‌ಮಾಸ್ಟರ್ ದುರಸ್ತಿ

ಗ್ರಾಮಫೋನ್ ತಟ್ಟೆಯ ಮೇಲಿನ ನಾಯಿಯ ಚಿತ್ರವನ್ನು ನೋಡುತ್ತ ಬೆಳೆದ ನನಗೆ, ಆ ತಟ್ಟೆಗಳನ್ನು ಹೊರತಂದ ಇ.ಎಂ.ಐ. ಸಂಸ್ಥೆಯು ಲಂಡನ್ನಿನ ಪಶ್ಚಿಮಕ್ಕಿರುವ ಹೇಯ್ಸ್‌ನ ಕಾರ್ಖಾನೆಯಲ್ಲಿ ಸೈಕಲ್ಲಿಗೆ ಎಂಜಿನ್ನನ್ನೂ ತಯಾರಿಸಿತ್ತೆಂಬುದು ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲಷ್ಟೇ ತಿಳಿಯಿತು. ನೆದರ್‌ಲ್ಯಾಂಡ್ಸ್‌ ಮೂಲದ ಆ ವಿನ್ಯಾಸವು 1950ರಲ್ಲಿ ಸೈಕ್ಲ್‌ಮಾಸ್ಟರ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದಿತು. ಅದೇ ಕಾಲದ ಮಿನಿ-ಮೋಟರ್, ಪವರ್ ಪ್ಯಾಕ್ ಮೊದಲಾದ ಸೈಕಲ್ ಎಂಜಿನ್ನುಗಳು ಟೈರಿಗೆ ರೋಲರ್ ಒತ್ತಿ ಚಕ್ರವನ್ನು ತಿರುಗಿಸುತ್ತಿದ್ದುದರಿಂದ ಮಳೆಯಲ್ಲಿ ಜಾರುತ್ತಿದ್ದವು. ಸೈಕ್ಲ್‌ಮಾಸ್ಟರ್‌ನಲ್ಲಾದರೋ ಸೈಕಲ್ಲಿನ ಹಿಂದಿನ ಚಕ್ರವನ್ನೇ ಕಳಚಿ, ಎಂಜಿನ್, ಕ್ಲಚ್, ಚೈನು, ಪೆಟ್ರೋಲ್ ಟ್ಯಾಂಕ್ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಹೊಸ ಚಕ್ರವನ್ನು ಕೂರಿಸಿದರೆ ಕೆಲಸ ಮುಗಿಯಿತು. ಆ ಪೀಳಿಗೆಯ ಯಂತ್ರಗಳಲ್ಲಿ ಇಷ್ಟು ಅಚ್ಚುಕಟ್ಟಾದುದು ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಮೊದಲಿನವು 25.7 ಸಿ.ಸಿ.ಯವು, ನನಗೆ ಸಿಕ್ಕಿದ್ದು ಅನಂತರ ಬಂದ 32 ಸಿ.ಸಿ.ಯದು. ಕಿಡಿ ಬರುತ್ತಿರಲಿಲ್ಲ. ಎಂಜಿನ್ನಿನೊಡನೆ ತಿರುಗುವ ಭಾರದ ಗಾಲಿಯಾದ ಫ್ಲೈವ್ಹೀಲನ್ನು ಸುತ್ತಿಗೆಯಿಂದ ಬಡಿಯದೆ, ಎಳೆದು ಕಳಚುವ ಸಾಧನವಾದ ಪುಲ್ಲರ್ ಹಾಕಿಯೇ ಬಿಡಿಸಿ, ವಿದ್ಯುತ್ತನ್ನು ಕಡಿದು ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಉಜ್ಜಿ ಶುಚಿಗೊಳಿಸಿ, ಅವುಗಳ ಜೊತೆಗಿರುವ ಹಳೆಯ ಕಂಡೆನ್ಸರ್ ಬದಲಿಸಿದ ಮೇಲೆ ನೀಲಿ ಕಿಡಿ ಕಂಡಿತು.

ಹೆಚ್ಚು ದಿನ ಹಿಡಿದದ್ದು ಕ್ಲಚ್. ತಟ್ಟೆಯ ರಂಧ್ರಗಳಲ್ಲಿ ಕೂರಿಸಿದ್ದ ಕಾರ್ಕ್ ಬಿಲ್ಲೆಗಳು ಒಣಗಿ, ಬೆರಳು ತಾಕಿದರೆ ಪುಡಿಯಾಗುತ್ತಿದ್ದವು. ಹೊಸ ಬಿಲ್ಲೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಒಂದೊಂದಾಗಿ ಒತ್ತಿ ಕೂರಿಸಿ, ಎರಡು ದಿನ ಒಣಗಲು ಬಿಟ್ಟೆ. ಆಮೇಲೆ ದಪ್ಪ ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ, ತಟ್ಟೆಯನ್ನು ವೃತ್ತಾಕಾರವಾಗಿ ಉಜ್ಜುತ್ತ ಎಲ್ಲ ಬಿಲ್ಲೆಗಳನ್ನೂ ಒಂದೇ ಮಟ್ಟಕ್ಕೆ ತಂದೆ. ಮೊದಲ ಸಲ ಅವಸರಪಟ್ಟು ಒಂದು ಬದಿಯನ್ನು ಹೆಚ್ಚು ಉಜ್ಜಿದ್ದರಿಂದ ಕ್ಲಚ್ ಪೂರ್ತಿ ಬಿಡದೆ ಎಳೆಯತೊಡಗಿತು. ಇಡೀ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಎಣ್ಣೆ ಬೆರೆಸಿ, ಕ್ಲಚ್ ಹಿಡಿದು ಪೆಡಲ್ ತುಳಿದು, ವೇಗ ಬಂದಾಗ ಕ್ಲಚ್ಚನ್ನು ನಿಧಾನವಾಗಿ ಬಿಟ್ಟೆ. ಊರಿನಲ್ಲಿ ಅಪ್ಪನ ಲೂನಾವನ್ನು ತುಳಿದು ಚಾಲೂ ಮಾಡಿದ ಅಭ್ಯಾಸವು ಕಾಲುಗಳಿಗೆ ಇನ್ನೂ ಮರೆತಿರಲಿಲ್ಲ. ಎಂಜಿನ್ ಮೂರನೆಯ ಯತ್ನಕ್ಕೆ ಹಿಡಿದುಕೊಂಡಿತು.

1950ರ ದಶಕದ ನಡುವಿನ ಹೊತ್ತಿಗೆ, ಎಂಜಿನ್ನಿಗೆಂದೇ ಚೌಕಟ್ಟು ಕಟ್ಟಿದ ಎನ್‌.ಎಸ್‌.ಯು. ಕ್ವಿಕ್ಲಿಯಂತಹ ಮೊಪೆಡ್‌ಗಳ ಮುಂದೆ ಈ ಜೋಡಣೆಯ ಎಂಜಿನ್ನುಗಳು ನಿಲ್ಲಲಾರದೆ ಹೋದವು. ಏರು ಸಿಕ್ಕಲ್ಲೆಲ್ಲ ಪೆಡಲ್ ತುಳಿದು ನೆರವಾಗುವಾಗ ಅದರ ಕಾರಣ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಆದರೂ ಸಮತಟ್ಟಾದ ಕಾಲುವೆ ದಾರಿಯ ಪಕ್ಕದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ.ಗೆ ಸಮೀಪದ ವೇಗದಲ್ಲಿ ಅದು ಸರಾಗವಾಗಿ ಓಡುತ್ತದೆ. ಒಳಗಿನ ಎರಡನೆಯ ಚೈನು ಸ್ವಲ್ಪ ಸದ್ದು ಮಾಡುತ್ತಿರುವುದರಿಂದ ಚಳಿಗಾಲಕ್ಕೆ ಮೊದಲು ಚಕ್ರವನ್ನು ಇನ್ನೊಮ್ಮೆ ಬಿಚ್ಚಲಿದ್ದೇನೆ.