ಇಂಗ್ಲಿಷ್ ವಾಕ್ಯದಲ್ಲಿ ಬಿಟ್ಟುಹೋಗುವ ಆ ಪುಟ್ಟ 'ಈಸ್'

ಇಂಗ್ಲಿಷ್ ಕಲಿಯುತ್ತಿರುವವರಿಗೆ ಒಂದು ಸಲಹೆ. ಗ್ರಾಮರ್ ಪುಸ್ತಕ ತೆರೆಯುವ ಮೊದಲು ನಮ್ಮ ಕನ್ನಡ ವಾಕ್ಯವನ್ನೇ ಸ್ವಲ್ಪ ಗಮನಿಸಿ.

"ಅವಳು ಟೀಚರ್." ಕನ್ನಡದಲ್ಲಿ ಇಷ್ಟೇ ಸಾಕು, ಕ್ರಿಯಾಪದವೇ ಬೇಡ ಅಲ್ವಾ? ಇಂಗ್ಲಿಷಿನಲ್ಲಿ ಕ್ರಿಯಾಪದ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಅದಕ್ಕೇ "ಶೀ ಈಸ್ ಎ ಟೀಚರ್". ನನ್ನ ಅಕ್ಕನ ಮಗ ನೋಟ್‌ಬುಕ್‌ನಲ್ಲಿ "ಮೈ ಫಾದರ್ ಫಾರ್ಮರ್" ಎಂದು ಬರೆದಿದ್ದ. ಅದು ದಡ್ಡತನ ಖಂಡಿತ ಅಲ್ಲ, ಕನ್ನಡದಲ್ಲಿ ಯೋಚಿಸಿದ್ದ ಅಷ್ಟೇ. ಕನ್ನಡ ವಾಕ್ಯ ಮೇಲೆ, ಇಂಗ್ಲಿಷ್ ವಾಕ್ಯ ಕೆಳಗೆ ಬರೆದು, ನಡುವೆ ಎರಡು ಖಾಲಿ ಜಾಗ ಬಿಟ್ಟೆ. ಪೆನ್ಸಿಲ್ ಕಚ್ಚುತ್ತಾ ನೋಡಿ, "ಈಸ್", "ಎ" ಎಂದು ತಾನೇ ತುಂಬಿದ.

ಕರ್ತೃಪದವೂ ಹಾಗೇ. "ನಾಳೆ ಬರ್ತೀನಿ" ಅಂದರೆ ಬರುವವರು ಯಾರು ಅನ್ನುವುದು ಕೊನೆಯ "ಈನಿ"ಯಲ್ಲೇ ಇದೆ. ಇಂಗ್ಲಿಷಿನಲ್ಲಿ "ಐ" ಬೇಕೇ ಬೇಕು. "ಮಳೆ ಬರ್ತಿದೆ" ಎನ್ನುವುದಕ್ಕೂ ಮುಂದೆ ಒಂದು "ಇಟ್" ಬೇಕು: "ಇಟ್ ಈಸ್ ರೈನಿಂಗ್".

ಜಾಸ್ತಿ ಎಡವುವುದು ಪದಗಳ ಕ್ರಮದಲ್ಲಿ. "ಬೆಕ್ಕು ನಾಯಿಯನ್ನು ನೋಡಿತು", "ನಾಯಿಯನ್ನು ಬೆಕ್ಕು ನೋಡಿತು" ಎರಡೂ ಒಂದೇ. "ಅನ್ನು" ಪ್ರತ್ಯಯ ಅರ್ಥ ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯ ಇಲ್ಲ, ಜಾಗವೇ ಅರ್ಥ ಹೇಳುತ್ತದೆ. "ದಿ ಕ್ಯಾಟ್ ಸಾ ದಿ ಡಾಗ್" ತಿರುಗಿಸಿದರೆ ನಾಯಿಯೇ ಬೆಕ್ಕನ್ನು ನೋಡಿದ ಹಾಗೆ ಆಗಿಬಿಡುತ್ತದೆ.

ಸುಮ್ನೆ ನಿಯಮ ಬಾಯಿಪಾಠ ಮಾಡಬೇಡಿ. ದಿನಕ್ಕೆ 5 ವಾಕ್ಯ ಹೀಗೆ ಮೇಲೆ ಕೆಳಗೆ ಬರೆದು, ಯಾರು, ಕ್ರಿಯೆ, ಏನನ್ನು ಎಂದು ಅಡಿಗೆರೆ ಹಾಕಿ ನೋಡಿ.