ಬಾಗಿಲು ಉಜ್ಜುವ ಮುನ್ನ ಗಡ್ಡ ಬೋಳಿಸಿ

ಗೃಹಪ್ರವೇಶಕ್ಕೆ ನಾಲ್ಕೇ ದಿನ ಇತ್ತು. ಬಡಗಿ ಕೈಕೊಟ್ಟಿದ್ದರಿಂದ ನಮ್ಮ ಭಾವ ತೇಗದ ಮುಂಬಾಗಿಲನ್ನು ತಾವೇ ಉಜ್ಜಿ ಪಾಲಿಶ್ ಹೊಡೆಯಲು ಟೊಂಕ ಕಟ್ಟಿದರು. ಮುಖಕ್ಕೆ ನೀಲಿ ಸರ್ಜಿಕಲ್ ಮಾಸ್ಕ್, ಅದರೊಳಗೆ ಬೆವರು ಹೀರಲೆಂದು ಮಡಿಸಿದ ಕರ್ಚೀಫು. ಊಟಕ್ಕೆ ಬಂದು ಎರಡನ್ನೂ ತೆಗೆದಾಗ ನೋಡಿದರೆ ಮೂಗಿನ ಆಚೀಚೆ ಎರಡು ಕಂದು ಗೆರೆ, ಮೀಸೆಯ ತುಂಬ ತೇಗದ ಹುಡಿ. "ಮಾಸ್ಕ್ ಹಾಕಿದ್ದೆನಲ್ಲ ಮಾರಾಯ" ಎಂದರು. ಹಾಕಿದ್ದರು, ಸುಳ್ಳಲ್ಲ. ಆದರೆ ಬೆಳಗಿನಿಂದ ಅವರು ಉಸಿರಾಡಿದ್ದು ಆ ಎರಡು ಗೆರೆಗಳ ದಾರಿಯಲ್ಲಿ.

ಹಬ್ಬದ ಮುಂಚೆ ಬ್ರಷ್ಷು, ಎಮರಿ ಪೇಪರು ಹಿಡಿದು ಹೊರಡುವ ಎಲ್ಲ ಭಾವಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ತಡೆಯಬೇಕಾದದ್ದು ಧೂಳೋ, ಆವಿಯೋ?

ಅಂಗಡಿಗೆ ಹೋಗುವ ಮೊದಲೇ ಇದು ಗೊತ್ತಿರಬೇಕು. ಮರ, ಪುಟ್ಟಿ, ಹಳೆಯ ಬಣ್ಣ ಉಜ್ಜಿದಾಗ ಏಳುವುದು ಧೂಳು. ಥಿನ್ನರ್, ಟರ್ಪಂಟೈನ್, ಎನಾಮಲ್, ಮೆಲಮೈನ್ ಪಾಲಿಶ್‌ನಿಂದ ಬರುವುದು ಆವಿ. ಧೂಳಿನ ಮಾಸ್ಕ್ ಆವಿಯನ್ನು ಹಿಡಿಯುವುದಿಲ್ಲ. ನಮ್ಮ ಕಾಫಿ ಫಿಲ್ಟರನ್ನೇ ನೋಡಿ: ಪುಡಿ ಮೇಲೆಯೇ ನಿಲ್ಲುತ್ತದೆ, ಘಮ ಬೀದಿಯವರೆಗೂ ಹೋಗುತ್ತದೆ. ಎನ್‌95 ಹಾಕಿಕೊಂಡು ಥಿನ್ನರ್ ಕಲಸುವವನ ಪಾಡೂ ಇದೇ.

ಮರದ ಹುಡಿ ಎಂದು ಅಸಡ್ಡೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ತಂಬಾಕಿನ ಹೊಗೆ ಇರುವ ಪಟ್ಟಿಗೇ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಮೊದಲ ಗುಂಪಿಗೇ ಸೇರಿಸಿದೆ. ಪೇಂಟರ್ ಕೆಲಸವೂ ಅದೇ ಗುಂಪಿನಲ್ಲಿದೆ.

2. ಕೊಳ್ಳುವುದು

ಧೂಳಿಗೆ ಎನ್‌95 ಅಥವಾ ಎಫ್‌ಎಫ್‌ಪಿ2 ಸಾಕು. ಮೊದಲನೆಯದು ಅಮೆರಿಕದ ಮಾನದಂಡ. ಸಣ್ಣ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯಬೇಕು. ಎರಡನೆಯದು ಯುರೋಪಿನ ಮಾನದಂಡ, ಅದರಲ್ಲಿ ಇದು ಶೇ 94. ನಮ್ಮಲ್ಲಿ ಮಾರುವುದರ ಮೇಲೆ ಐಎಸ್‌ 9473 ಎಂಬ ಭಾರತೀಯ ಮಾನದಂಡದ ಸಂಖ್ಯೆಯೂ ಐಎಸ್‌ಐ ಗುರುತೂ ಇದೆಯೇ ನೋಡಿ. ಕಿವಿಗೆ ಸಿಕ್ಕಿಸುವ ದಾರದ್ದು ಬೇಡವೇ ಬೇಡ. ತಲೆಯ ಸುತ್ತ ಎರಡು ಪಟ್ಟಿ ಬರುವುದನ್ನೇ ತನ್ನಿ. ಕಿವಿ ಎಳೆದು ಹಿಡಿಯುವ ಬಲ ಮಾಸ್ಕನ್ನು ಮುಖಕ್ಕೆ ಒತ್ತಲು ಸಾಲದು. ಫುಟ್‌ಪಾತಿನಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ, ಮುಂದೆ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ ಮಾಸ್ಕ್ ಇದೆಯಲ್ಲ, ಒಮ್ಮೆ ಆ ಬಿಲ್ಲೆ ಕಿತ್ತು ನೋಡಿದ್ದೇನೆ. ಹಿಂದೆ ತೂತೂ ಇರಲಿಲ್ಲ, ಕವಾಟವೂ ಇರಲಿಲ್ಲ.

ಆವಿಗೆ ಬೇಕಾದದ್ದು ಮೂಗು, ಬಾಯಿ, ಗಲ್ಲ ಮುಚ್ಚುವ ರಬ್ಬರ್ ಅಥವಾ ಸಿಲಿಕೋನ್ ಮಾಸ್ಕ್. ಅದರ ಎರಡು ಕೆನ್ನೆಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್, ಅಂದರೆ ಥಿನ್ನರ್‌ನಂಥವುಗಳ ಆವಿ ಹೀರುವ ಡಬ್ಬಿ. ಒಳಗಿರುವುದು ಸಕ್ರಿಯ ಇದ್ದಿಲು. ಅಮೆರಿಕದ ಪದ್ಧತಿಯ ಕಾರ್ಟ್ರಿಜ್‌ಗೆ ಕಪ್ಪು ಪಟ್ಟಿ ಇರುತ್ತದೆ, ಯುರೋಪಿನದಕ್ಕೆ ಕಂದು ಪಟ್ಟಿ ಮತ್ತು 'ಎ' ಅಕ್ಷರ. ಹಸಿರು ಪಟ್ಟಿಯದ್ದು ಅಮೋನಿಯಾಕ್ಕೆ. ಅಂಗಡಿಯವ ಎಷ್ಟೇ ರಿಯಾಯಿತಿ ಕೊಟ್ಟರೂ ಬಿಟ್ಟುಬನ್ನಿ. ಸ್ಪ್ರೇ ಮಾಡುವವರು ಇದ್ದಿಲಿನ ಮುಂದೆ ಬಿಳಿಯ ಧೂಳು ಫಿಲ್ಟರನ್ನೂ ಹಾಕಲೇಬೇಕು. ಸ್ಪ್ರೇಯಲ್ಲಿ ಆವಿಯ ಜತೆ ಬಣ್ಣದ ಹನಿಗಳೂ ಹಾರುತ್ತವೆ, ಇದ್ದಿಲು ಹನಿಯನ್ನು ಹಿಡಿಯುವುದಿಲ್ಲ.

ಈ ಮಾಸ್ಕ್‌ಗಳಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆ ಇರುತ್ತವೆ. ಆನ್‌ಲೈನ್‌ನಲ್ಲಿ ಕಣ್ಣುಮುಚ್ಚಿ ಮಧ್ಯಮ ತರಿಸಬೇಡಿ. ಅಂಗಡಿಯಲ್ಲಿ ಹಾಕಿ ನೋಡಿಯೇ ಕೊಳ್ಳಿ.

3. ಜೋಡಿಸುವುದು

ಕಾರ್ಟ್ರಿಜ್ ಇಟ್ಟು ತಿರುವಿ, ಅಲುಗಾಡದಂತೆ ಕೂತರೆ ಆಯಿತು. ಪೊಟ್ಟಣ ಒಡೆದ ತಾರೀಖನ್ನು ಮಾರ್ಕರ್‌ನಲ್ಲಿ ಅದರ ಮೇಲೆಯೇ ಬರೆಯಿರಿ.

4. ಮುಖಕ್ಕೆ ಕೂರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಎಷ್ಟು ದುಡ್ಡು ಕೊಟ್ಟು ತಂದ ಫಿಲ್ಟರ್ ಆದರೂ ಅಂಚಿನಲ್ಲಿ ಬಿರುಕಿದ್ದರೆ ದಂಡ. ಉಸಿರು ಎಳೆದಾಗ ಗಾಳಿ ಫಿಲ್ಟರಿನ ಮೂಲಕ ತಿಣುಕಿಕೊಂಡು ಬರುವ ಬದಲು ಆ ಬಿರುಕಿನಲ್ಲಿ ಸರಾಗವಾಗಿ ನುಗ್ಗುತ್ತದೆ.

ಮೊದಲು ಗಡ್ಡ. ಅಂಚು ಕೂರುವ ಜಾಗದಲ್ಲಿ ಕೂದಲು ಇರಕೂಡದು, ಎರಡು ದಿನದ ಕುರುಚಲೂ ಸಲ್ಲದು. ಮೀಸೆ ಅಂಚಿನ ಒಳಗೇ ಉಳಿಯುವಂತಿದ್ದರೆ ತೊಂದರೆಯಿಲ್ಲ. ನಮ್ಮ ಭಾವ ಎರಡು ತುದಿಗಳನ್ನು ಕತ್ತರಿಸಿಕೊಂಡು ರಾಜಿಯಾದರು. ಅಯ್ಯಪ್ಪ ಮಾಲೆ ಹಾಕಿದವರು ವ್ರತ ಮುಗಿಯುವವರೆಗೆ ಈ ಕೆಲಸವನ್ನು ಮುಂದೂಡುವುದೇ ವಾಸಿ.

ಕರ್ಚೀಫು, ಟಿಶ್ಯೂ, ದುಪಟ್ಟಾ, ಯಾವುದೂ ಮಾಸ್ಕ್‌ನ ಕೆಳಗೆ ಬರಬಾರದು. ಬೆವರಿದರೆ ನಿಲ್ಲಿಸಿ, ಹೊರಗೆ ಹೋಗಿ ಮುಖ ಒರೆಸಿಕೊಂಡು ಬನ್ನಿ. ಬಣ್ಣ ಮೆತ್ತಿಕೊಳ್ಳಬಾರದೆಂದು ಮುಖಕ್ಕೆ ಕೊಬ್ಬರಿ ಎಣ್ಣೆ ಸವರುವ ಹಳೆಯ ಉಪಾಯವನ್ನೂ ಬಿಡಿ, ರಬ್ಬರ್ ಜಾರುತ್ತದೆ.

ಈಗ ಎನ್‌95. ಅಂಗೈಯಲ್ಲಿ ಬಟ್ಟಲಿನಂತೆ ಹಿಡಿದು ಗಲ್ಲದ ಕೆಳಗಿನಿಂದ ಮೇಲಕ್ಕೆ ತನ್ನಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗಾಗಿ ಕತ್ತಿನ ಹಿಂದಕ್ಕೆ. ಜಡೆ ಇದ್ದವರು ಅದನ್ನು ಎತ್ತಿ ಹಿಡಿದು ಪಟ್ಟಿಯನ್ನು ಕತ್ತಿಗೇ ತಾಗಿಸಿ. ಎರಡೂ ಪಟ್ಟಿಗಳನ್ನು ಕತ್ತಿಗೇ ಇಳಿಬಿಟ್ಟುಕೊಂಡವರನ್ನು ಎಷ್ಟು ಕಡೆ ನೋಡಿದ್ದೇನೋ! ಅವರಿಗೆ ಮೂಗಿನ ಬಳಿ ಹೆಬ್ಬಾಗಿಲೇ ತೆರೆದಿರುತ್ತದೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಒಂದೇ ಕೈಯಲ್ಲಿ ಚಿವುಟಬೇಡಿ. ನಡುವೆ ಕೋನ ಎದ್ದು ಎರಡು ಪಕ್ಕ ಸುರಂಗವಾಗುತ್ತದೆ. ಎರಡೂ ಕೈಯ ಬೆರಳುಗಳನ್ನು ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತ ಸರಿಸಿ. ಕನ್ನಡಕ ಆಮೇಲೆ. ಅದರ ಗಾಜಿಗೆ ಮಂಜು ಕವಿದರೆ ಮೂಗಿನ ಬಳಿ ಸೋರುತ್ತಿದೆ ಎಂದೇ ಲೆಕ್ಕ.

ರಬ್ಬರ್ ಮಾಸ್ಕ್‌ನ ಪಟ್ಟಿಗಳನ್ನು ಎಡ ಬಲ ಎರಡೂ ಒಟ್ಟಿಗೇ ಎಳೆಯಿರಿ. ಒಂದು ಪಕ್ಕ ಮೊದಲು ಬಿಗಿದರೆ ಮಾಸ್ಕ್ ಸೊಟ್ಟಗಾಗುತ್ತದೆ. ಮುಖದಲ್ಲಿ ಬರೆ ಬೀಳುವಷ್ಟು ಬಿಗಿಯುವುದೂ ತಪ್ಪು, ಅಂಚು ಮಡಚಿಕೊಳ್ಳುತ್ತದೆ.

ಕೊನೆಗೆ ಪರೀಕ್ಷೆ. ಎರಡೂ ಕಾರ್ಟ್ರಿಜ್‌ಗಳ ಬಾಯನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರು ಎಳೆಯಿರಿ. ಮಾಸ್ಕ್ ಕೆನ್ನೆಗೆ ಕಚ್ಚಿಕೊಂಡು, ಒಂದೆರಡು ಎಣಿಸುವವರೆಗೆ ಹಾಗೆಯೇ ನಿಲ್ಲಬೇಕು. ಆಮೇಲೆ ಮಾಸ್ಕ್‌ನ ಮುಂಭಾಗದಲ್ಲಿ ಉಸಿರು ಹೊರಹೋಗುವ ಕವಾಟವನ್ನು ಮುಚ್ಚಿ ನಿಧಾನ ಉಸಿರು ಬಿಡಿ. ಮಾಸ್ಕ್ ಕೊಂಚ ಉಬ್ಬಬೇಕು, ಅಂಚಿನಿಂದ ಗಾಳಿ ಪುಸ್ಸೆನ್ನಬಾರದು. ಎನ್‌95ರಲ್ಲಿ ಎರಡೂ ಕೈಯನ್ನು ಹಗುರವಾಗಿ ಮೇಲಿಟ್ಟು ಇದನ್ನೇ ಮಾಡಿ. ಗಟ್ಟಿಯಾಗಿ ಒತ್ತಿ ಹಿಡಿದರೆ ಯಾವ ಮಾಸ್ಕ್ ಬೇಕಾದರೂ ಪಾಸಾಗುತ್ತದೆ, ಕೈ ತೆಗೆದ ಕೂಡಲೇ ನಪಾಸು. ಹಾಕಿದಾಗಲೆಲ್ಲ ಈ ಪರೀಕ್ಷೆ ಆಗಬೇಕು, ಚಹಾ ಕುಡಿದು ಬಂದ ಮೇಲೂ.

5. ಕೆಲಸದ ನಡುವೆ

ಕಿಟಕಿ ತೆರೆದಿರಲಿ. ಮಾತಾಡಲು, ಎಲೆಯಡಿಕೆ ಉಗಿಯಲು ಮಾಸ್ಕನ್ನು ಗಲ್ಲಕ್ಕೆ ಇಳಿಸಬೇಡಿ. ಕತ್ತಿನ ಧೂಳೆಲ್ಲ ಒಳಭಾಗಕ್ಕೆ ಮೆತ್ತಿಕೊಂಡು ಅದೇ ಬಾಯಿಗೆ ಬರುತ್ತದೆ. ಉಜ್ಜುವುದು ನಿಂತ ಕೂಡಲೇ ಮಾಸ್ಕ್ ಕಿತ್ತು ಪೊರಕೆ ಹಿಡಿಯುವುದು ಇನ್ನೊಂದು ದಡ್ಡತನ. ಕಣ್ಣಿಗೆ ಕಾಣದ ಹುಡಿ ಗಾಳಿಯಲ್ಲಿ ತುಂಬ ಹೊತ್ತು ತೇಲುತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊರಗೆ ಬಂದು ಬಟ್ಟೆ ಕೊಡವಿ, ಆಮೇಲೆ ಮಾಸ್ಕ್ ತೆಗೆಯಿರಿ.

6. ಮಾಸ್ಕ್ ಸಾಲದ ಕೆಲಸಗಳು

ಹಳೆಯ ಮನೆಯ ಎನಾಮಲ್ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಕಿಟಕಿ ಸರಳಿನ ಬಣ್ಣದಲ್ಲಿ ಸೀಸ ಇದ್ದೀತೆಂದೇ ತಿಳಿದು, ವಾಟರ್ ಪೇಪರ್ ಹಾಕಿ ಒದ್ದೆಯಾಗಿ ಉಜ್ಜಿ. ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಗೆ ಕಳಿಸಿ.

ಗಟ್ಟಿಕಾರಕ ಬೆರೆಸುವ ಎರಡು ಡಬ್ಬದ ಪಿಯು (ಪಾಲಿಯುರೆಥೇನ್) ಪಾಲಿಶ್ ಸ್ಪ್ರೇ ಮಾಡುವುದು ಮನೆಯ ಕೆಲಸವಲ್ಲ. ಅದರಲ್ಲಿರುವ ಐಸೊಸಯನೇಟ್ ಆಸ್ತಮಾ ಹಚ್ಚುತ್ತದೆ, ಸೋರಿದರೆ ಮೂಗಿಗೆ ಸುಳಿವೂ ಸಿಗುವುದಿಲ್ಲ. ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಏರ್ಪಾಡು ಇರುವವರಿಗೇ ಬಿಡಿ.

ಇನ್ನು ಸಂಪು. ಮಾಸ್ಕ್ ಇದೆಯಲ್ಲ ಎಂಬ ಧೈರ್ಯದಲ್ಲಿ ನೀರಿನ ತೊಟ್ಟಿಯೊಳಗೆ ಇಳಿದು ಎಪಾಕ್ಸಿ ಬಳಿಯಬೇಡಿ. ಫಿಲ್ಟರ್ ಕೊಳೆಯನ್ನು ತೆಗೆಯುತ್ತದೆ, ಇಲ್ಲದ ಆಮ್ಲಜನಕವನ್ನು ತಂದುಕೊಡುವುದಿಲ್ಲ.

7. ಬದಲಿಸುವುದು, ಇಡುವುದು

ಧೂಳಿನ ಫಿಲ್ಟರ್ ಕಟ್ಟಿಕೊಂಡರೆ ಉಸಿರು ಎಳೆಯುವುದು ಕಷ್ಟವಾಗುತ್ತದೆ, ಆಗ ಬದಲಿಸಿ. ಇದ್ದಿಲು ಮುಗಿದರೆ ಉಸಿರಾಟ ಮೊದಲಿನಷ್ಟೇ ಸಲೀಸು, ವಾಸನೆ ಮಾತ್ರ ಬರತೊಡಗುತ್ತದೆ. ಮಾಸ್ಕ್ ಸರಿಯಾಗಿ ಕೂತಿದ್ದರೂ ಥಿನ್ನರ್ ಮೂಗಿಗೆ ಬಡಿಯಿತೆಂದರೆ ಆ ಕ್ಷಣವೇ ಹೊರಗೆ ಬನ್ನಿ. ನಾನಂತೂ ಅಲ್ಲಿಯವರೆಗೆ ಕಾಯುವುದಿಲ್ಲ, ಒಟ್ಟು ಎಂಟು ಗಂಟೆ ಕೆಲಸವಾದರೆ ಎಸೆಯುತ್ತೇನೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇನ್ನೂ ಬೇಗ, ಏಕೆಂದರೆ ಗಾಳಿಯ ತೇವವೂ ಇದ್ದಿಲಿನಲ್ಲಿ ಜಾಗ ಹಿಡಿಯುತ್ತದೆ.

ಎನ್‌95 ಒಗೆಯಬೇಡಿ, ಸ್ಯಾನಿಟೈಸರ್ ಸಿಂಪಡಿಸಬೇಡಿ. ಸಣ್ಣ ಕಣಗಳನ್ನು ಸೆಳೆದಿಡುವುದು ಅದರ ಎಳೆಗಳಲ್ಲಿರುವ ಸ್ಥಾಯಿ ವಿದ್ಯುತ್ತು. ಸೋಪು, ಸ್ಪಿರಿಟ್ ತಗುಲಿದರೆ ಅದು ಹೋಗುತ್ತದೆ. ರಬ್ಬರ್ ಮಾಸ್ಕನ್ನು ಮಾತ್ರ ಕಾರ್ಟ್ರಿಜ್ ಬಿಚ್ಚಿಟ್ಟು ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಭಾವ ನನ್ನ ಮಾತು ಕೇಳಿ ಒಳ್ಳೆಯ ಮಾಸ್ಕನ್ನೇ ತಂದರು. ಮುಂದಿನ ಭಾನುವಾರ ಹೋಗಿ ನೋಡಿದರೆ ಅದು ಥಿನ್ನರ್ ಡಬ್ಬದ ಮೇಲಿನ ಮೊಳೆಗೆ ನೇತಾಡುತ್ತಿತ್ತು. ಹಾಕಿಕೊಂಡರೂ ಇಲ್ಲದಿದ್ದರೂ ಇದ್ದಿಲು ಆವಿ ಕುಡಿಯುತ್ತಲೇ ಇರುತ್ತದೆ. ಈಗ ಅವರ ಕಾರ್ಟ್ರಿಜ್‌ಗಳು ಇರುವುದು ಅಡುಗೆಮನೆಯಿಂದ ಅಕ್ಕನಿಗೆ ಹೇಳದೆ ಎತ್ತಿಕೊಂಡ, ರಬ್ಬರ್ ಅಂಚಿನ ಹಪ್ಪಳದ ಡಬ್ಬದಲ್ಲಿ.