ಕಾರಿಲ್ಲದೆ ಬಾದಾಮಿ, ಪಟ್ಟದಕಲ್ಲು, ಐಹೊಳೆ: ಮೂರನೇ ಸಲಕ್ಕೆ ಕೂಡಿಬಂದ ಲೆಕ್ಕ

ಬಾಡಿಗೆ ಕಾರು ಮಾಡದೆ ಬಾದಾಮಿ ಸುತ್ತಿನದೆಲ್ಲ ಎರಡೂವರೆ ದಿನದಲ್ಲಿ ಮುಗಿಯುವುದಿಲ್ಲ ಅಂತ ಕೇಳಿದವರೆಲ್ಲ ಹೇಳಿದ್ದರು. ಮುಗಿಯಿತು. ಇಬ್ಬರಿಗೆ ಊಟ, ರೂಮು, ಬಸ್ಸು, ಟಿಕೆಟ್ಟು ಎಲ್ಲ ಸೇರಿ ಸುಮಾರು ನಾಲ್ಕೂವರೆ ಸಾವಿರ. ರೈಲಿನ ಖರ್ಚು ಬೇರೆ. ಮೊದಲ ಸಲ ಕಾರಿಗೇ ದಿನಕ್ಕೆ ಮೂರು ಸಾವಿರದಂತೆ ಕೊಟ್ಟಿದ್ದೆ. ಎರಡನೇ ಸಲ ಬಸ್ಸು ನಂಬಿ, ಐಹೊಳೆಯಲ್ಲಿ ಕತ್ತಲಾಗಿ, ಆಟೊಗೆ ಸಾವಿರದಿನ್ನೂರು ತೆತ್ತೆ. ಎರಡು ಸಲವೂ ಕೆಟ್ಟದ್ದು ವೇಳೆಯ ಲೆಕ್ಕ. ಮೂರನೇ ಸಲ ಯಾವ ಗುಡಿಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಮೊದಲೇ ಬರೆದುಕೊಂಡು, ಬಸ್ಸನ್ನು ಅದಕ್ಕೆ ಹೊಂದಿಸಿದೆ.

ಮೊದಲ ದಿನ ಊರೊಳಗೇ. ಶುಕ್ರವಾರ ಬೇಡ, ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಗುಹೆಗಳ ಬಾಯಿ ಬಡಗಣಕ್ಕಿದೆ. ಬೆಳಗ್ಗೆಯೇ ಅಲ್ಲಿಗೆ ಓಡಿದರೆ ಒಳಗಿನ ಶಿಲ್ಪ ಮಂಕು, ಹೊರಗೆ ಶಾಲಾ ಪ್ರವಾಸದ ಸಾಲು. ಡಿಸೆಂಬರಿನಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಬೆಳಗ್ಗೆ ಎದುರಿನ ಬಡಗಣ ಗುಡ್ಡ ಹತ್ತುವುದು. ಮ್ಯೂಸಿಯಂ ಮಗ್ಗುಲಿಂದ ಬಂಡೆಯ ಸಂದಿಯೊಳಗೆ ಮೆಟ್ಟಿಲು ಏರಿದರೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಇಳಿದು ಬಂದು ಮಾಲೆಗಿತ್ತಿ ಶಿವಾಲಯ. ಹನ್ನೊಂದರೊಳಗೆ ಇಳಿಯಬೇಕು. ಆಮೇಲೆ ಮ್ಯೂಸಿಯಂ, ಊಟ, ನಿದ್ದೆ.

ಮೂರು ಗಂಟೆಗೆ ಗುಹೆ. ಟಿಕೆಟ್ಟು ತಲೆಗೆ 25 ರೂಪಾಯಿ ಇರಬೇಕು, ಫೋನಿನಲ್ಲಿ ಕಟ್ಟಿದರೆ ಐದು ರೂಪಾಯಿ ಕಡಿಮೆ. ಎಲ್ಲರೂ ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಗುಂಪುಗೂಡುತ್ತಾರೆ. ನಿಲ್ಲದೆ ನೇರ ನಾಲ್ಕನೆಯ ಜೈನ ಗುಹೆಗೆ ಹತ್ತಿ, ಅಲ್ಲಿಂದ ಇಳಿಯುತ್ತ ನೋಡುವುದು. ಮೂರನೆಯದಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಬೇಕು: ಚಾಲುಕ್ಯ ದೊರೆ ಕೀರ್ತಿವರ್ಮನ ತಮ್ಮ ಮಂಗಲೇಶ ಹಾಕಿಸಿದ 578ರ ಶಾಸನವಿದೆ, ಹೊರಬಂಡೆಯ ಮೇಲೆ ಅವನದೇ ಕನ್ನಡ ಶಾಸನವಿದೆ, ಸೂರಿನ ಒಳಬದಿಯಲ್ಲಿ ಹಳೆಯ ಬಣ್ಣದ ಚಿತ್ರದ ಉಳಿಕೆಯಿದೆ. ಅಕ್ಷರ ಓದಲು ಟಾರ್ಚನ್ನು ಎದುರಿಗೆ ಹಿಡಿದರೆ ಏನೂ ಕಾಣದು. ಗೋಡೆಗೆ ಒತ್ತಿದಂತೆ ಪಕ್ಕದಿಂದ ಹಿಡಿದರೆ ಪ್ರತಿ ಗೀರಿಗೂ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ. ಕೈ ಮಾತ್ರ ತಾಗಿಸಬಾರದು.

ಮಂಗಗಳ ವಿಷಯಕ್ಕೆ ಬರೋಣ. ಅವಕ್ಕೆ ಪ್ಲಾಸ್ಟಿಕ್ ಚೀಲದ ಸದ್ದು ಸಾಕು. ತಿಂಡಿಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಚೀಲದ ತಳಕ್ಕೆ ಹಾಕಿ, ಜಿಪ್ಪಿಗೆ ಪಿನ್ನು ಚುಚ್ಚಿದ ಮೇಲೆ ಒಂದೂ ಹೋಗಲಿಲ್ಲ. ಕೈಯಲ್ಲಿ ಬಾಟಲಿ ಹಿಡಿದು ನಡೆದರೆ ಅದೂ ಹೋಗುತ್ತದೆ.

ಹೊತ್ತು ಇಳಿಯುವ ಮುಂಚೆ ಅಗಸ್ತ್ಯತೀರ್ಥದ ಮೂಡಣ ತುದಿಗೆ, ಭೂತನಾಥನ ಗುಡಿಗೆ ಬರಬೇಕು. ಕೊನೆಯ ಬಿಸಿಲು ಕೆರೆ ದಾಟಿ ನೇರ ಗುಡಿಯ ಮೇಲೆಯೇ ಬೀಳುತ್ತದೆ. ಕಪ್ಪೆ ಅರಭಟ್ಟನ ಶಾಸನ ಕೆರೆಯ ಈಶಾನ್ಯದ ಬಂಡೆಗೋಡೆಯಲ್ಲಿದೆ. ‘ಸಾಧುಗೆ ಸಾಧು’ ಎಂಬ ಆ ತ್ರಿಪದಿಯನ್ನು ಶಾಲೆಯಲ್ಲಿ ಕಲಿತವರು ಕಲ್ಲಿನ ಮೇಲೇ ನೋಡದೆ ಬರಬಾರದು. ದುರ್ಬೀನು ಒಯ್ದಿರಿ. ಎಲ್ಲಿ ನಿಂತರೆ ಸಾಲುಗಳು ಬಿಡಿಬಿಡಿಯಾಗಿ ಸಿಗುತ್ತವೆ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಅದನ್ನು ಹುಡುಕುವುದರಲ್ಲೇ ಅರ್ಧ ಸುಖ.

ಎರಡನೇ ದಿನವೇ ಕಠಿಣ. ಪಟ್ಟದಕಲ್ಲು 22 ಕಿಲೋಮೀಟರು, ಬಸ್ಸಿಗೆ ಮೂವತ್ತರ ಆಸುಪಾಸು; ರಾಜ್ಯದ ಹೆಂಗಸರಿಗೆ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್ಟು. ವಿರೂಪಾಕ್ಷ ಮೂಡಣಕ್ಕೆ ಮುಖ ಮಾಡಿದ ಗುಡಿ, ಆದ್ದರಿಂದ ಮೊದಲು ಅದು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಒಳಗಿನ ಕಂಬಗಳ ಕಥಾಪಟ್ಟಿಕೆಗಳಿಗೆ ಬಾಗಿಲ ಬೆಳಕು ತಲುಪುವುದು ಬೆಳಗ್ಗೆ ಮಾತ್ರ. ಹತ್ತು ದಾಟಿ ಹೋದವರು ಕಪ್ಪು ಕಂಬ ನೋಡಿ ಬರುತ್ತಾರೆ.

ಅಲ್ಲಿಂದ ಐಹೊಳೆ ಹದಿಮೂರು ಕಿಲೋಮೀಟರಷ್ಟೆ, ಆದರೆ ಬಸ್ಸು ವಿರಳ. ಹಿಂದಿನ ಸಲ ಎರಡು ತಾಸು ಕಾದದ್ದು ಇಲ್ಲೇ. ಈ ಸಲ ಇಳಿಯುವಾಗಲೇ ಕಂಡಕ್ಟರಿಗೆ ಮುಂದಿನ ಬಸ್ಸಿನ ಹೊತ್ತು ಕೇಳಿ, ಗುಡಿ ನೋಡುವುದನ್ನು ಅದಕ್ಕೆ ತಕ್ಕಂತೆ ಮುಗಿಸಿದೆ. ಬಸ್ಸು ತಪ್ಪಿದರೆ ಟಂಟಂ (ಸೀಟಿನ ಲೆಕ್ಕಕ್ಕೆ ಓಡುವ ದೊಡ್ಡ ಆಟೊ) ಇದೆ. ಇಡೀ ಗಾಡಿ ಮಾಡಿಕೊಳ್ಳದೆ ಸೀಟಿನ ಲೆಕ್ಕಕ್ಕೆ ಮಾತಾಡಬೇಕು. ಐಹೊಳೆಯಲ್ಲಿ ದುರ್ಗ ಗುಡಿ, ಲಾಡ್‌ಖಾನ್ ಮೊದಲು, ಬಿಸಿಲು ತಿರುಗಿದ ಮೇಲೆ ರಾವಣಫಡಿ. ಅದು ನೈಋತ್ಯಕ್ಕೆ ತೆರೆದ ಗುಹೆ, ಇಳಿಹೊತ್ತಿನ ಬೆಳಕು ಒಳಗೇ ಬರುತ್ತದೆ. ಮೇಗುತಿ ಜೈನ ಗುಡಿಯಲ್ಲಿ ಕವಿ ರವಿಕೀರ್ತಿಯ 634ರ ಶಾಸನ ಮೂಡಣ ಹೊರಗೋಡೆಯಲ್ಲಿದೆ. ಆ ಹೊತ್ತಿಗೆ ಗೋಡೆ ನೆರಳಲ್ಲಿರುತ್ತದೆ, ಅಡ್ಡ ಟಾರ್ಚು ಮತ್ತೆ ಬೇಕು.

ವಾಪಸಿಗೆ ಬಾದಾಮಿಯ ನೇರ ಬಸ್ಸನ್ನೇ ಕಾಯುವುದು ದೊಡ್ಡ ತಪ್ಪು. ಐಹೊಳೆಯಿಂದ ಅಮೀನಗಡಕ್ಕೆ ಹೋಗಿ ಬಾಗಲಕೋಟೆ ಕಡೆಯ ಬಸ್ಸು ಹಿಡಿದರೆ ಸುತ್ತಾದರೂ ಕತ್ತಲಲ್ಲಿ ಸಿಕ್ಕಿಬೀಳುವುದಿಲ್ಲ. ಅರ್ಧ ಕಿಲೋ ಕರದಂಟೂ ಆಯಿತು.

ನಡುವೆ ಸೈಕಲ್ಲನ್ನೂ ಪರೀಕ್ಷಿಸಿದ್ದುಂಟು. ಪಟ್ಟದಕಲ್ಲಿನವರೆಗೆ ಚೆನ್ನಾಗಿ ಓಡಿತು. ಒಳದಾರಿಗೆ ಇಳಿದ ಕೂಡಲೇ ಜಾಲಿಮುಳ್ಳಿಗೆ ಎರಡು ಟ್ಯೂಬು ಹೋದವು. ಗುಳೇದಗುಡ್ಡಕ್ಕೆ ಅರ್ಧ ದಿನ ಹೋಗಿ ಖಣ ನೇಯುವ ಮಗ್ಗ ನೋಡಿದ್ದು ಮಾತ್ರ ಸಾರ್ಥಕ. ದಿನ ಹೆಚ್ಚಿದ್ದರೆ ಸೇರಿಸಿಕೊಳ್ಳಿ.

ಮೂರನೇ ದಿನ ಬೆಳಕು ಹರಿಯುವ ಮುಂಚೆ ಮಹಾಕೂಟಕ್ಕೆ ಕಾಲುದಾರಿ. ರಸ್ತೆಯಲ್ಲಿ ಹದಿನಾಲ್ಕು, ಗುಡ್ಡ ದಾಟಿದರೆ ಐದೇ ಕಿಲೋಮೀಟರು. ಮೊದಲ ಪ್ರಯತ್ನ ಹತ್ತು ಗಂಟೆಗೆ ಹೊರಟು ಅರ್ಧಕ್ಕೇ ನಿಂತಿತು: ನೆರಳಿಲ್ಲ, ಬಂಡೆ ಕಾದು ಕೆಳಗಿನಿಂದಲೂ ಸುಡುತ್ತದೆ, ಒಂದು ಲೀಟರು ನೀರು ಯಾವ ಮೂಲೆಗೂ ಸಾಲದು. ತಲೆಗೆ ಎರಡು ಲೀಟರು, ಆರರೊಳಗೆ ಹೊರಡುವುದು, ನವೆಂಬರಿನಿಂದ ಫೆಬ್ರವರಿ ಒಳಗೆ. ದಾರಿ ಕವಲೊಡೆಯುವ ಕಡೆ ದನ ಕಾಯುವವರನ್ನು ಕೇಳಿ. ನನ್ನ ಗುರುತುಗಳು ನನ್ನಲ್ಲೇ ಇರಲಿ. ಎಲುಬಿನ ಗೂಡಿನಂಥ ಎರಡು ಮೂರ್ತಿಗಳಿರುವ ಬಾಗಿಲು ಕಂಡರೆ ತಲುಪಿದಂತೆ. ಪುಷ್ಕರಣಿಯ ನೀರು ಸದಾ ಬುಗ್ಗೆಯಿಂದ ಬರುವಂಥದ್ದು, ಒಳಗಿನ ಪುಟ್ಟ ಮಂಟಪದಲ್ಲಿ ಚತುರ್ಮುಖ ಲಿಂಗವಿದೆ. ಮರಳಿ ಬರಲು ಟಂಟಂ.

ಮಧ್ಯಾಹ್ನ ಬನಶಂಕರಿ, ಊರಿಂದ ಐದು ಕಿಲೋಮೀಟರು. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು. ಇಬ್ಬರಿಗೆ ನೂರೈವತ್ತು ದಾಟಲಿಲ್ಲ. ಹನ್ನೆರಡೂವರೆಗೆ ಹೋದರೆ ರೊಟ್ಟಿ ಮೆತ್ತಗಿರುತ್ತದೆ. ರೈಲು ನಿಲ್ದಾಣ ಊರಿಂದ ಐದು ಕಿಲೋಮೀಟರು ಆಚೆ. ಗಾಡಿಯ ಹೊತ್ತಿಗೆ ಮುಕ್ಕಾಲು ಗಂಟೆ ಮೊದಲೇ ಬಸ್‌ಸ್ಟ್ಯಾಂಡಿನಿಂದ ಟಂಟಂ ಹತ್ತಿ, ಅದು ಸೀಟು ತುಂಬುವ ತನಕ ಕದಲುವುದಿಲ್ಲ.